‘ದೆವ್ವ ಹಿಡಿದಿಲ್ಲ’ ಎಂಬ ಪ್ರಮಾಣಪತ್ರದ ಬಗ್ಗೆ

ಶ್ರೀಮತ್ ಸಕಲ ಶಾಲಾ ಪಾಕಶಾಲೆಗಳ ಏಕಚ್ಛತ್ರಾಧಿಪತಿಗಳೂ, ತೊಗರಿಬೇಳೆ ಗೋಧಿನುಚ್ಚುಗಳ ಗಡಿರಕ್ಷಕರೂ, ಮೊಟ್ಟೆ ಮತ್ತು ಬಾಳೆಹಣ್ಣು ಪಡೆಗಳ ದಂಡನಾಯಕರೂ, ಸೌಟು ಸಟ್ಟುಗಾದಿ ಸಮಸ್ತ ಬಿರುದಾಂಕಿತರೂ, ಹೋದ ಆಷಾಢದಿಂದೀಚೆಗೆ ನಮ್ಮ ಸೀಮೆಯ ಭೂತ ಪ್ರೇತ ಪಿಶಾಚಿಗಳ ಹೆಚ್ಚುವರಿ ಪ್ರಭಾರವನ್ನೂ ವಹಿಸಿಕೊಂಡವರೂ ಆದ, ತಾಲ್ಲೂಕಿನ ಬಿಸಿಯೂಟದ ಅಧಿಕಾರಿಗಳ ದಿವ್ಯ ಪಾದರಕ್ಷೆಗಳ ಸನ್ನಿಧಾನಕ್ಕೆ.

ಮಾನ್ಯರೇ,

ನಮ್ಮೂರ ಸರ್ಕಾರಿ ಶಾಲೆಯಲ್ಲಿ ಹದಿನೇಳು ವರ್ಷದಿಂದ ಮಕ್ಕಳಿಗೆ ಬೇಯಿಸಿ ಬಡಿಸುತ್ತಿದ್ದ ಗಂಗಾಮಣಿ ಎಂಬ ಹೆಂಗಸಿಗೆ ದೆವ್ವ ಹಿಡಿದಿದೆ ಎಂದು ತಾವು ತೀರ್ಮಾನಿಸಿ, ಆಕೆಯನ್ನು ಅಡುಗೆಮನೆಯಿಂದ ಹೊರಗೆ ನಿಲ್ಲಿಸಿದ್ದೀರಿ. ಇದನ್ನು ತಾವು ಹಿತ್ತಲಲ್ಲಿ ನಿಂತು ಪಿಸುಗುಟ್ಟಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಪಿಸುಗುಟ್ಟುವವರು ನಮ್ಮೂರಲ್ಲೇ ಬೇಕಾದಷ್ಟಿದ್ದಾರೆ, ಹೊರಗಿನಿಂದ ತರಿಸಬೇಕಾಗಿಲ್ಲ. ತಾವು ಬರವಣಿಗೆಯಲ್ಲಿ ಕೊಟ್ಟಿದ್ದೀರಿ. ಅದಕ್ಕೆ ಕಡತದ ಸಂಖ್ಯೆ ಇದೆ, ದಿನಾಂಕ ಇದೆ, ದುಂಡನೆಯ ಮೊಹರು ಇದೆ. ಮಗ್ಗೆ ಪೇಟೆಯಲ್ಲಿ ಅದರ ಜೆರಾಕ್ಸ್ ಮಾಡಿಸುವಾಗ ಅಂಗಡಿಯವನು ಎರಡು ಸಲ ಓದಿ, “ಇದು ನಿಜವಾದ್ದಾ, ಇಲ್ಲಾ ನೀನೇ ಮಾಡ್ಕಂಡಿದ್ದಾ?” ಎಂದು ಕೇಳಿದ. ನನ್ನ ಖ್ಯಾತಿ ಹಾಗಿದೆ. ಆದರೆ ಇಷ್ಟು ಚೆನ್ನಾಗಿ ತಮಾಷೆ ಮಾಡುವ ಶಕ್ತಿ ನನಗೆ ಇನ್ನೂ ಬಂದಿಲ್ಲ. ತಮ್ಮ ಆದೇಶದ ಸಾಲು ಇದು:

“ಸದರಿ ಅಡುಗೆಯವರು ತಮಗೆ ಯಾವುದೇ ಪ್ರೇತಬಾಧೆ ಇಲ್ಲವೆಂಬ ಬಗ್ಗೆ ಸಕ್ಷಮ ಪ್ರಾಧಿಕಾರದಿಂದ ಪ್ರಮಾಣಪತ್ರ ಪಡೆದು ಹಾಜರುಪಡಿಸುವವರೆಗೆ ಶಾಲಾ ಅಡುಗೆ ಕೋಣೆಯನ್ನು ಪ್ರವೇಶಿಸತಕ್ಕದ್ದಲ್ಲ.”

ಇದನ್ನು ಬರೆಯುವಾಗ ತಮ್ಮ ಪೆನ್ನು ನಡುಗಲಿಲ್ಲ, ಗುಮಾಸ್ತರು ನಗಲಿಲ್ಲ, ಮೊಹರಿನ ಮಸಿ ಒಣಗಲಿಲ್ಲ. ಇರಲಿ. ಈ ಆದೇಶ ಒಬ್ಬ ಹೆಂಗಸಿನ ಬೆನ್ನಿನ ಮೇಲೆ ಏನು ಬರೆಯಿತು ಎಂಬುದನ್ನು ತಾವು ಓದಿಲ್ಲ. ನಾನು ಓದಿದ್ದೇನೆ. ಆದ್ದರಿಂದ ಈ ಪತ್ರ.

ಮೊದಲು ಆ ಕಟ್ಟಡದ ವಿಚಾರ. ನಮ್ಮೂರಿನ ಮೇಲುಗಡೆ ಗುಡ್ಡದ ಓರೆಯಲ್ಲಿ ಒಂದು ಪಾಳು ಕಟ್ಟಡವಿದೆ. ಉದ್ದನೆಯ ಕೋಣೆ, ಎತ್ತರದಲ್ಲಿ ಸಣ್ಣ ಸಣ್ಣ ಕಿಟಕಿ, ಕಿಟಕಿಗೆ ಕಬ್ಬಿಣದ ಸರಳು, ಒಂದೇ ಬಾಗಿಲು. ಬಾಗಿಲ ಮೇಲೆ ಗಾರೆಯಲ್ಲಿ ಎತ್ತಿ ಬರೆದ ಅಕ್ಷರಗಳಲ್ಲಿ ಈಗ ಎರಡು ಮಾತು ಮಾತ್ರ ಉಳಿದಿವೆ: ‘ಹುಚ್ಚ’ ಮತ್ತು ‘ಉಗ್ರ’. ಇಷ್ಟು ಸಾಕಲ್ಲ, ಮಾನ್ಯರೇ. ಇದು ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆ, ಉಗ್ರ ಹುಚ್ಚರನ್ನು ಮಾತ್ರ ಇಲ್ಲಿ ಕೂಡಿಹಾಕುತ್ತಿದ್ದರು ಎಂದು ನಮ್ಮ ಹಿರಿಯರು ಕಂಡುಹಿಡಿದರು. ಒಂದು ಮಳೆಗಾಲ ಹಳ್ಳ ತುಂಬಿ ಹನ್ನೆರಡು ದಿನ ದಾರಿ ಕಟ್ಟಿಹೋಯಿತಂತೆ. ಒಳಗಿದ್ದದ್ದು ಮೂವತ್ತು ಹುಚ್ಚರು, ರೋಸಿ ಎಂಬ ಒಬ್ಬಳು ನರ್ಸು, ಅರ್ಧ ಚೀಲ ಅಕ್ಕಿ. ಹದಿಮೂರನೆಯ ದಿನ ಬಾಗಿಲು ತೆಗೆದಾಗ ಹುಚ್ಚರೆಲ್ಲ ಹಸಿದು ಸತ್ತಿದ್ದರಂತೆ. ರೋಸಿ ಮಾತ್ರ ಖಾಲಿ ತಟ್ಟೆ ಹಿಡಿದುಕೊಂಡು ಹೆಣದಿಂದ ಹೆಣಕ್ಕೆ ಹೋಗಿ, “ಊಟ ಆಯ್ತಾ? ಊಟ ಆಯ್ತಾ?” ಎಂದು ಕೇಳುತ್ತಿದ್ದಳಂತೆ. ಅದೇ ಸಂಜೆ ಅವಳೂ ಸತ್ತಳು, ಆದರೆ ಕೇಳುವುದನ್ನು ಬಿಟ್ಟಿಲ್ಲ. ಅವಳು ಕೇಳಿದಾಗ “ಇಲ್ಲ” ಎಂದವರನ್ನು ಒಳಗೆ ಕರೆದುಕೊಳ್ಳುತ್ತಾಳೆ. ಆದ್ದರಿಂದ ನಮ್ಮೂರಿನಲ್ಲಿ ಯಾರೇ “ಊಟ ಆಯ್ತಾ” ಎಂದು ಕೇಳಲಿ, ಹೊಟ್ಟೆ ಬೆನ್ನಿಗೆ ಹತ್ತಿದ್ದರೂ “ಆಯ್ತು” ಎನ್ನುವುದು ಪದ್ಧತಿ. ಈ ಪದ್ಧತಿ ಹಿಡಿದುಕೊಂಡು ನಮ್ಮಲ್ಲಿ ಎಷ್ಟೋ ಜನ ನೆಂಟರನ್ನು ಅನ್ನ ಹಾಕದೆ ಸಾಗಹಾಕಿದ್ದೂ ಉಂಟು.

ಈ ಇತಿಹಾಸವನ್ನು ನಾನು ನಮ್ಮ ತಿಮ್ಮಯ್ಯಜ್ಜನ ಹತ್ತಿರ ಪರಿಶೀಲಿಸಿದೆ. ತಿಮ್ಮಯ್ಯಜ್ಜನಿಗೆ ಎಂಬತ್ತೆಂಟು. ಬೆನ್ನು ಕುಡುಗೋಲಿನ ಹಾಗೆ ಬಾಗಿದೆ, ಬಾಯಿ ನೆಟ್ಟಗಿದೆ.

“ಯಾವ ಆಸ್ಪತ್ರೆಲಾ? ಅದು ಹುಚ್ಚೆಳ್ಳು ಉಗ್ರಾಣ ಕಣ್ಲಾ. ಪಟೇಲ್ರು ಕಟ್ಸಿದ್ದು. ಸುತ್ತ ಹತ್ತೂರಿನ ಹುಚ್ಚೆಳ್ಳು ಅಲ್ಲೇ ಬೀಳ್ತಿತ್ತು. ನಾನೇ ಮೂಟೆ ಹೊತ್ತಿವ್ನಿ. ಈ ಬೆನ್ನು ಇನ್ಯಾತಕ್ಕೆ ಬಗ್ಗೈತೆ ಅಂದ್ಕಂಡಿದೀಯ?”

“ಮತ್ತೆ ಆ ಸರಳು, ಸಣ್ಣ ಕಿಟಕಿ?”

“ಇಲಿ ಬರ್ದಂಗೆ, ಕಳ್ಳ ಬರ್ದಂಗೆ. ಹುಚ್ಚರಿಗೆ ಯಾವನ್ಲಾ ಅಷ್ಟು ಗಾರೆ ಖರ್ಚು ಮಾಡ್ತಾನೆ?”

“ಹಂಗಾರೆ ರೋಸಿ ಸುಳ್ಳಾ ಅಜ್ಜಾ?”

“ಅವ್ಳು ಇದ್ದೇ ಅವ್ಳೆ. ಉಗ್ರಾಣಕ್ಕೂ ಅವ್ಳಿಗೂ ಏನು ಸಂಬಂಧ? ನೀನು ಆ ಕಡೆ ಹೋಗ್ಬ್ಯಾಡ ಮಾರಾಯ.”

ಅರ್ಥವಾಯಿತೇ, ಮಾನ್ಯರೇ? ‘ಹುಚ್ಚೆಳ್ಳು ಉಗ್ರಾಣ’ ಎಂಬ ಬರಹವನ್ನು ಮಳೆ ಎಪ್ಪತ್ತು ವರ್ಷ ನೆಕ್ಕಿತು. ಎಳ್ಳು ಉದುರಿತು, ಹುಚ್ಚು ಉಳಿಯಿತು. ಉಗ್ರಾಣದ ಬಾಲ ಬಿದ್ದುಹೋಯಿತು, ಉಗ್ರ ಉಳಿಯಿತು. ನಾವು ಚಟ್ನಿಪುಡಿ ಮಾಡಿಕೊಂಡು ಮುದ್ದೆಯ ಜೊತೆ ನೆಂಚಿಕೊಳ್ಳುವ ಪದಾರ್ಥಕ್ಕೆ ಮೂವತ್ತು ಹೆಣ ಹುಟ್ಟಿದವು. ಇದು ಓದು ಬಾರದವರ ತಪ್ಪಲ್ಲ. ಅರ್ಧ ಓದು ಬಂದವರ ತಪ್ಪು. ತಾವಂತೂ ಪೂರ್ತಿ ಓದಿದವರು. ತಮ್ಮ ಆದೇಶದ ಮೊದಲ ಪ್ಯಾರಾದಲ್ಲಿ “ಪೂರ್ವದಲ್ಲಿ ಮಾನಸಿಕ ಅಸ್ವಸ್ಥರ ಆಸ್ಪತ್ರೆಯಾಗಿದ್ದ ಸದರಿ ಕಟ್ಟಡ” ಎಂದು ಬರೆದಿದ್ದೀರಿ. ಹುಚ್ಚಾಸ್ಪತ್ರೆ ಎಂಬ ಒರಟು ಮಾತನ್ನು ಕೂಡ ಬಳಸಲಿಲ್ಲ. ಇಲ್ಲದ ರೋಗಿಗಳಿಗೆ ತಾವು ತೋರಿಸಿದ ಗೌರವ ಕಂಡು ಕಣ್ಣು ತುಂಬಿಬಂತು.

ಇನ್ನು ಗಂಗಾಮಣಿ. ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವಿಲ್ಲ, ಆದರೂ ನಾನು ಚಿಕ್ಕಮ್ಮ ಎನ್ನುತ್ತೇನೆ. ಗಂಡ ತೀರಿಹೋಗಿ ಇಪ್ಪತ್ತು ವರ್ಷ, ಮಕ್ಕಳಿಲ್ಲ. ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾನು ಒಂದರಿಂದ ಏಳನೇ ತರಗತಿಯವರೆಗೆ ತಿಂದದ್ದು ಅವರು ಬಡಿಸಿದ ಅನ್ನ. ಯಾವ ಹುಡುಗನ ಮನೆಯಲ್ಲಿ ಬೆಳಗ್ಗೆ ಒಲೆ ಹೊತ್ತಿಲ್ಲ ಎಂಬುದು ಹೆಡ್‌ಮೇಷ್ಟ್ರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಅಂಥವನ ತಟ್ಟೆಗೆ ಏನೂ ಹೇಳದೆ ಎರಡನೇ ಸೌಟು ಬೀಳುತ್ತಿತ್ತು. ಅವರಿಗೆ ಒಂದು ಕೆಟ್ಟ ಚಾಳಿ ಇದೆ. ದಾರಿಯಲ್ಲಿ ಯಾವ ಮಗು ಸಿಕ್ಕರೂ ಕೇಳುವುದು ಒಂದೇ: “ಊಟ ಆಯ್ತೇನ್ಲಾ?” ಹದಿನೇಳು ವರ್ಷ ಕೇಳಿದ್ದಾರೆ. ಇದು ಅಪರಾಧದ ಸಾಕ್ಷಿಯಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಕಡತಕ್ಕೆ ಸೇರಿಸಬೇಕಾದ ಒಂದು ಅಧಿಕೃತ ಮಾಹಿತಿ. ಆ ದೆವ್ವ ನಾನು.

ಹೋದ ಆಷಾಢದ ಒಂದು ಗುರುವಾರ, ಮಧ್ಯಾಹ್ನ ಮೂರೂವರೆ. ಮಂಜು ಎಷ್ಟು ಇಳಿದಿತ್ತೆಂದರೆ ಹಸು ತನ್ನ ಬಾಲ ಹುಡುಕುತ್ತಿತ್ತು. ಕಾಲೇಜಿಗೆ ರಜೆ. ನನಗೂ ನನ್ನ ಗೆಳೆಯ ಆಕಿಫನಿಗೂ ಮಾಡಲು ಏನೂ ಕೆಲಸವಿರಲಿಲ್ಲ. ಅವನ ಹತ್ತಿರ ಹೊಸ ಮೊಬೈಲ್ ಇತ್ತು, ನನ್ನ ಹತ್ತಿರ ತಲೆ ಇತ್ತು. ಎರಡೂ ಒಳ್ಳೆಯ ಕೆಲಸಕ್ಕೆ ಬಳಕೆಯಾಗಲಿಲ್ಲ. ಗಂಗಾಮಣಿ ಚಿಕ್ಕಮ್ಮನ ಬೇಲಿಯ ಮೇಲೆ ಒಂದು ತಿಳಿಹಳದಿ ನೈಟಿ ಒಣಗುತ್ತಿತ್ತು, ಅಂದರೆ ಮೂರು ದಿನದಿಂದ ಒದ್ದೆಯಾಗಿ ನೇತಾಡುತ್ತಿತ್ತು. ಅದನ್ನು ತೆಗೆದುಕೊಂಡು ಹೋಗಿ ಉಗ್ರಾಣದ ಬಾಗಿಲಲ್ಲಿ ಹಾಕಿಕೊಂಡೆ. ಕೈಯಲ್ಲೊಂದು ತಟ್ಟೆ ಹಿಡಿದು ಮಂಜಿನೊಳಗಿಂದ ನಿಧಾನವಾಗಿ ನಡೆದು ಬಂದು, ಸಣ್ಣ ಗಂಟಲಿನಲ್ಲಿ “ಊಟ ಆಯ್ತಾ?” ಎಂದೆ. ನಾಲ್ಕನೇ ಸಲಕ್ಕೆ ಸರಿಬಂತು. ಮೊದಲ ಮೂರು ಸಲ ನೈಟಿಯ ಅಂಚು ತುಳಿದು ಬಿದ್ದಿದ್ದೆ, ಆಕಿಫ ನಕ್ಕಿದ್ದ. ನಲವತ್ತೊಂದು ಸೆಕೆಂಡಿನ ವೀಡಿಯೋ. ನೈಟಿಯನ್ನು ಮತ್ತೆ ಅದೇ ಬೇಲಿಗೆ, ಅದೇ ಮಡಿಕೆಗೆ ಹಾಕಿ ಬಂದೆ. ಅಷ್ಟರ ಮಟ್ಟಿಗೆ ಸಂಭಾವಿತ.

ಸಂಜೆಯೊಳಗೆ ಅದು ಹಾನುಬಾಳಿನವರೆಗೂ ಹೋಯಿತು. ಮರುದಿನ ಬೆಳಗ್ಗೆ ಶಾಲಾ ಸಮಿತಿ ಅಧ್ಯಕ್ಷ ದೇವೀರಪ್ಪನವರ ಹೆಂಡತಿ ಮೊಬೈಲನ್ನು ಕಣ್ಣಿಗೆ ಒತ್ತಿಕೊಂಡು ನೋಡಿ, ನೈಟಿಯ ಎದೆಯ ಮೇಲೆ ಕಸೂತಿ ಮಾಡಿದ ನವಿಲನ್ನು ಗುರುತು ಹಿಡಿದರು. “ಇದು ಗಂಗಾಮಣೀದು.” ಇಲ್ಲಿಯವರೆಗೆ ಸರಿ. ಈಗ ಯಾವ ಸಾಮಾನ್ಯ ಬುದ್ಧಿಯವನಾದರೂ ಯಾರೋ ಆಕೆಯ ನೈಟಿ ಕದ್ದು ಹಾಕಿಕೊಂಡಿದ್ದಾರೆ ಎನ್ನಬೇಕು. ನಾನೂ ಹಾಗೆಂದುಕೊಂಡೇ ಬೆವರಿದೆ. ಆದರೆ ದೇವೀರಪ್ಪನವರು ಸಾಮಾನ್ಯ ಬುದ್ಧಿಯವರಲ್ಲ.

“ಒಬ್ರ ಬಟ್ಟೆ ಇನ್ನೊಬ್ರು ಯಾಕೆ ಹಾಕ್ಕಂತಾರೆ? ಗಂಗಾಮಣಿ ಮೈನೇ ಹಾಕ್ಕಂಡೈತೆ ಆ ದೆವ್ವ, ಇನ್ನು ಬಟ್ಟೆ ಏನು ಮಹಾ,” ಎಂದರು ಅವರು.

ಪಂಚಾಯಿತಿ ಕಟ್ಟೆಯ ಮೇಲೆ ಯಾರೋ ನೆನಪಿಸಿದರು: “ಊಟ ಆಯ್ತಾ ಅಂತ ದಿನಾ ಕೇಳ್ತಾಳಲ್ಲ ಕಣ್ರೀ, ನಮ್ಮ ಹುಡುಗರನ್ನ.” ಅದುವರೆಗೆ ಅದನ್ನು ಎಲ್ಲರೂ ಪ್ರೀತಿ ಎಂದು ತಿಳಿದಿದ್ದರು. ಒಂದು ನಿಮಿಷದಲ್ಲಿ ಅದು ರೋಗಲಕ್ಷಣವಾಯಿತು. ಆ ವಾರ ಐದಾರು ಮಕ್ಕಳಿಗೆ ಜ್ವರ ಬಂತು. ಆಷಾಢದಲ್ಲಿ ನಮ್ಮ ಗುಡ್ಡದ ಮಕ್ಕಳಿಗೆ ಜ್ವರ ಬಾರದೆ ಇನ್ನೇನು ಬರಬೇಕು? ಆದರೆ ಈ ಸಲದ್ದು ಅಡುಗೆಯಿಂದ ಬಂದ ಜ್ವರವಾಯಿತು. ಅಧ್ಯಕ್ಷರು ತಮಗೆ ಅರ್ಜಿ ಕೊಟ್ಟರು. ಗಂಗಾಮಣಿಯ ಜಾಗಕ್ಕೆ ಈಗ ಬಂದಿರುವವರು ಅಧ್ಯಕ್ಷರ ಸೊಸೆ ಎಂಬುದಕ್ಕೂ ಆ ಅರ್ಜಿಗೂ ಯಾವ ಸಂಬಂಧವೂ ಇಲ್ಲ. ದೆವ್ವಕ್ಕೆ ಇಷ್ಟು ಒಳ್ಳೆಯ ಮುಹೂರ್ತಜ್ಞಾನವಿರುವುದನ್ನು ಕಂಡು ಮೆಚ್ಚಿಕೊಂಡೆವು, ಅಷ್ಟೆ.

ತಾವು ಸ್ಥಳ ಪರಿಶೀಲನೆಗೆ ದಯಮಾಡಿಸಿದಿರಿ. ಜೀಪು ರಸ್ತೆಯಲ್ಲೇ ನಿಂತಿತು. ಗಾಜು ಎರಡು ಬೆರಳು ಇಳಿಯಿತು. “ಅದೇನಾ?” ಎಂದು ಕೇಳಿದಿರಿ. “ಅದೇ ಸಾರ್,” ಎಂದರು ದೇವೀರಪ್ಪ. “ಇಂಜಿನ್ ಆಫ್ ಮಾಡಬೇಡಪ್ಪ,” ಎಂದು ಡ್ರೈವರಿಗೆ ಹೇಳಿದಿರಿ. ಗಾಜು ಏರಿತು. ತಮ್ಮ ವರದಿಯಲ್ಲಿ “ಕಟ್ಟಡದ ಒಳಭಾಗವನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು” ಎಂದಿದೆ. ಮಾನ್ಯರೇ, ಆಷಾಢದಲ್ಲಿ ಆ ಅಂಗಳ ದಾಟಿದವನ ಕಾಲಿಗೆ ಎಂಟು ಹತ್ತು ಜಿಗಣೆ ಹತ್ತದೆ ಇರುವುದಿಲ್ಲ. ಬ್ರಹ್ಮನಿಗೂ ಹತ್ತುತ್ತವೆ. ತಾವು ಶಾಲೆಗೆ ಬಂದು ಇಳಿದಾಗ ನಾನು ತಮ್ಮ ಮುಖ ನೋಡಲಿಲ್ಲ, ಪಾದರಕ್ಷೆ ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಪತ್ರವನ್ನು ಅವುಗಳ ಸನ್ನಿಧಾನಕ್ಕೆ ಬರೆದದ್ದು ಅದಕ್ಕೇ. ತಮ್ಮ ಇಡೀ ವರದಿಯಲ್ಲಿ ಸತ್ಯ ಹೇಳಿದ್ದು ಅವೆರಡೇ.

ಶಾಲೆಯ ಪೂಜಿತಾ ಟೀಚರ್ ಒಬ್ಬರಿಗೇ ಧೈರ್ಯವಿತ್ತು. ವೀಡಿಯೋದಲ್ಲಿ ಗುರುವಾರ ಮೂರೂವರೆ ಎಂದು ಇದೆ, ಆ ಹೊತ್ತಿಗೆ ಗಂಗಾಮಣಿ ಶಾಲೆಯ ನಲ್ಲಿಯ ಹತ್ತಿರ ಸೀರೆಯುಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು, ನಾನೂ ಅರವತ್ತೆರಡು ಮಕ್ಕಳೂ ನೋಡಿದ್ದೇವೆ ಎಂದು ಬರೆದುಕೊಟ್ಟರು. ಆ ಪತ್ರಕ್ಕೆ ತಾವು ಮಾಡಿದ ಟಿಪ್ಪಣಿ ನನಗೆ ಬಾಯಿಪಾಠವಾಗಿದೆ: “ಸದರಿಯವರು ಏಕಕಾಲದಲ್ಲಿ ಎರಡು ಸ್ಥಳಗಳಲ್ಲಿ ಕಂಡುಬಂದಿರುವುದು ದೂರಿಗೆ ಪುಷ್ಟಿ ನೀಡುತ್ತದೆ.” ಈ ಒಂದು ವಾಕ್ಯವನ್ನು ನಾನು ಎಷ್ಟು ಸಲ ಹೇಳಿಕೊಂಡು ನಕ್ಕಿದ್ದೇನೋ ಲೆಕ್ಕವಿಲ್ಲ. ಆಮೇಲೆ ನಗು ನಿಂತಿತು.

ಏಕೆಂದರೆ ಆದೇಶ ಬಂತು, ಆದೇಶದಲ್ಲಿ ‘ಸಕ್ಷಮ ಪ್ರಾಧಿಕಾರ’ ಎಂಬ ಮಾತು ಬಂತು. ತಮಗೆ ಅದು ಪ್ರತಿ ಕಾಗದದಲ್ಲೂ ಬರುವ ಮಾತು, ಸಾರಿಗೆ ಉಪ್ಪು ಹಾಕಿದ ಹಾಗೆ ಹಾಕುತ್ತೀರಿ. ಗಂಗಾಮಣಿ ಚಿಕ್ಕಮ್ಮನಿಗೆ ಅದು ಎಲ್ಲೋ ಇರುವ ಒಬ್ಬ ಮನುಷ್ಯ. ಅವನು ಸಿಕ್ಕಿ ಒಂದು ಕಾಗದ ಕೊಟ್ಟರೆ ಸೌಟು ವಾಪಸು ಸಿಗುತ್ತದೆ. “ದೇವು, ಈ ಸಕ್ಷಮದೋರು ಯಾವ ಆಫೀಸಲ್ಲಿ ಕೂರ್ತಾರಪ್ಪ?” ಎಂದು ನನ್ನನ್ನು ಕೇಳಿದರು. ನಾನು ಓದಿದವನು, ಗೊತ್ತಿರಬೇಕಲ್ಲ. ನಾಡಕಚೇರಿಗೆ ಕರೆದುಕೊಂಡು ಹೋದೆ. ಜಾತಿಯದು ಕೊಡುತ್ತೇವೆ, ಆದಾಯದ್ದು ಕೊಡುತ್ತೇವೆ, ದೆವ್ವದ್ದು ಬರುವುದಿಲ್ಲ ಎಂದರು. ದೊಡ್ಡಾಸ್ಪತ್ರೆಗೆ ಹೋದೆವು. ಮನಸ್ಸಿನ ಡಾಕ್ಟರು ಒಳ್ಳೆಯ ಮನುಷ್ಯ, ಅರ್ಧ ಗಂಟೆ ಮಾತಾಡಿಸಿದರು. “ನೋಡೀಮ್ಮ, ನಿಮಗೆ ಯಾವ ಕಾಯಿಲೇನೂ ಇಲ್ಲ ಅಂತ ಬರೆದುಕೊಡ್ತೀನಿ. ದೆವ್ವ ಇಲ್ಲ ಅಂತ ಬರೆದುಕೊಟ್ಟರೆ ನನಗೇ ಕಾಯಿಲೆ ಅಂತಾರೆ,” ಎಂದರು. ಆ ಕಾಗದವನ್ನು ತಮ್ಮ ಕಚೇರಿ ತೆಗೆದುಕೊಳ್ಳಲಿಲ್ಲ. ಕೇಳಿದ್ದು ಪ್ರೇತಬಾಧೆಯ ಬಗ್ಗೆ, ಇದು ಮಾನಸಿಕ ಆರೋಗ್ಯದ ಬಗ್ಗೆ, ವಿಷಯ ಬೇರೆ. ಸರಿಯಾಗಿಯೇ ಇದೆ. ತಮ್ಮ ಕಚೇರಿಯಲ್ಲಿ ವಿಷಯ ಬೇರೆಯಾದರೆ ಮನುಷ್ಯರೂ ಬೇರೆಯಾಗುತ್ತಾರೆ.

ಕೊನೆಗೆ ದೇವೀರಪ್ಪನವರೇ ದಾರಿ ತೋರಿಸಿದರು. ಮಾರನಹಳ್ಳಿ ಕಡೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದರು. “ಸಾಹೇಬ್ರು ಕೇಳಿರೋ ಸಕ್ಷಮದೋರು ಇವ್ರೇ,” ಎಂದರು. ಚಿಕ್ಕಮ್ಮ ತಾವಾಗಿಯೇ ಹೋಗಿ ಅವನ ಮುಂದೆ ಕುಳಿತರು. ಯಾರೂ ಎಳೆದುಕೊಂಡು ಹೋಗಲಿಲ್ಲ. ತಲೆ ಬಾಚಿಕೊಂಡು, ಶಾಲೆಗೆ ಉಡುವ ಸೀರೆಯನ್ನೇ ಉಟ್ಟುಕೊಂಡು ಹೋಗಿದ್ದರು, ಪ್ರಮಾಣಪತ್ರ ಸಿಕ್ಕಿದರೆ ಅಲ್ಲಿಂದಲೇ ಅಡುಗೆಗೆ ಹೋಗಬಹುದೆಂದು.

ಮಂತ್ರವಾದಿ ಕೈಯಲ್ಲಿ ಹುಣಸೆ ಬರಲು, ಎಂದರೆ ಎಲೆ ಸವರಿದ ಹಸಿ ಕೋಲು, ಹಿಡಿದುಕೊಂಡಿದ್ದ. “ಯಾರು ನೀನು?” ಎಂದ.

“ಗಂಗಾಮಣಿ.”

ಒಂದು ಬಿತ್ತು. “ಸುಳ್ಳು ಹೇಳ್ತೀಯಾ? ಯಾರು ನೀನು?”

“ಗಂಗಾಮಣಿ ಕಣಪ್ಪ. ಈ ಊರೋಳೇ.”

ಮತ್ತೆರಡು ಬಿದ್ದವು. “ಬಾಳ ಹಟಮಾರಿ ಐತೆ ಇದು,” ಎಂದು ಅವನು ಸುತ್ತ ನಿಂತವರಿಗೆ ವಿವರಿಸಿದ. “ಹೆಸ್ರು ಬಿಡ್ತಿಲ್ಲ.”

ಯೋಚಿಸಿ ಮಾನ್ಯರೇ. ತಾವು ಕಚೇರಿಗೆ ಹೋಗುತ್ತೀರಿ. ಬಾಗಿಲಲ್ಲಿ ಒಬ್ಬನು ನಿಂತು ತಾವು ಯಾರೆಂದು ಕೇಳುತ್ತಾನೆ. ತಾವು ತಮ್ಮ ಹೆಸರು ಹೇಳುತ್ತೀರಿ. ಅದು ತಮ್ಮದೇ ಹೆಸರು ಎಂಬ ಒಂದೇ ಕಾರಣಕ್ಕೆ ಬೆನ್ನು ಸೀಳುವ ಹಾಗೆ ಹೊಡೆಯುತ್ತಾನೆ. ಎಷ್ಟು ಏಟಿನವರೆಗೆ ತಾವು ತಾವಾಗಿರುತ್ತೀರಿ? ಎರಡು? ಮೂರು? ಗಂಗಾಮಣಿ ಹನ್ನೊಂದು ಏಟಿನವರೆಗೆ ಗಂಗಾಮಣಿಯಾಗಿದ್ದರು. ಹನ್ನೆರಡನೆಯದಕ್ಕೆ, “ನೀವು ಯಾವ ಹೆಸ್ರು ಹೇಳ್ತೀರೋ ಅದೇ ಕಣಪ್ಪ, ಅದೇ,” ಎಂದರು. “ರೋಸೀನಾ?” “ಹೂಂ.” ಜನ ನಿಟ್ಟುಸಿರು ಬಿಟ್ಟರು. ಅಧ್ಯಕ್ಷರು ಕೈಮುಗಿದರು.

ನಾನೂ ಅಲ್ಲಿದ್ದೆ. ಎರಡನೇ ಸಾಲಿನಲ್ಲಿ, ಆಕಿಫನ ಪಕ್ಕದಲ್ಲಿ. “ದೆವ್ವ ನಾನು” ಎಂಬುದು ಎರಡು ಪದದ ವಾಕ್ಯ, ಹೇಳಲು ಒಂದು ಉಸಿರು ಸಾಕು. ಹುಣಸೆ ಬರಲು ಇನ್ನೂ ಹಸಿಯಾಗಿತ್ತು, ಮಂತ್ರವಾದಿಯ ಕೈಯಲ್ಲೇ ಇತ್ತು. ನಾನು ಹೇಳಲಿಲ್ಲ.

ಮಂತ್ರವಾದಿ ನೋಟುಪುಸ್ತಕದ ಹಾಳೆ ಹರಿದು, “ಮೇಲ್ಕಂಡ ಹೆಂಗಸಿಗೆ ಹಿಡಿದಿದ್ದ ದೆವ್ವವನ್ನು ಬಿಡಿಸಲಾಗಿದೆ” ಎಂದು ಬರೆದು, ಕುಂಕುಮದಲ್ಲಿ ಹೆಬ್ಬೆಟ್ಟು ಒತ್ತಿಕೊಟ್ಟ. ಚಿಕ್ಕಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬೆನ್ನು ಸೀಟಿಗೆ ತಾಗದ ಹಾಗೆ ಬಸ್ಸಿನಲ್ಲಿ ಇಡೀ ದಾರಿ ಬಗ್ಗಿ ಕುಳಿತು, ತಮ್ಮ ಕಚೇರಿಗೆ ತಂದರು. ಜೊತೆಗೆ ನಾನಿದ್ದೆ. ತಾವು ಕನ್ನಡಕ ಹಾಕಿಕೊಂಡು ಓದಿದಿರಿ. ತಿರುಗಿಸಿ ಹಿಂಭಾಗ ನೋಡಿದಿರಿ. ಆಮೇಲೆ, ಬಹಳ ಸಮಾಧಾನದಿಂದ, ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದಿರಿ:

“ನೋಡಮ್ಮ, ಬಿಡಿಸಿದ್ದಾರೆ ಅಂತಿದೆ. ಬಿಡಿಸಿದ್ದಾರೆ ಅಂದ್ರೆ ಇತ್ತು ಅಂತಾಯ್ತಲ್ಲ?”

ಆಕೆ ಕಾಗದಕ್ಕೆ ಕೈ ಚಾಚಿದರು.

“ಒಂದು ಸಲ ಬಂದಿದ್ದು ಇನ್ನೊಂದು ಸಲ ಬರಲ್ಲ ಅಂತ ಏನು ಗ್ಯಾರಂಟಿ? ನಾಳೆ ಮಕ್ಕಳಿಗೆ ಏನಾದ್ರೂ ಆದ್ರೆ ಉತ್ತರ ಕೊಡೋನು ನಾನು.”

ಹೀಗೆ ತಾತ್ಕಾಲಿಕ ನಿರ್ಬಂಧ ಕಾಯಂ ಆಯಿತು. ಹನ್ನೆರಡು ಏಟು ತಿಂದು ಸಂಪಾದಿಸಿದ ಕಾಗದ ಆಕೆಯ ವಿರುದ್ಧದ ಮುಖ್ಯ ದಾಖಲೆಯಾಗಿ, ದಾರ ಪೋಣಿಸಿಕೊಂಡು ಕಡತದೊಳಗೆ ಹೋಯಿತು. ಕಾಡು ಪ್ರಾಣಿಗಳಲ್ಲಿ ಕೂಡ ಕಚ್ಚಿದ ಮೇಲೆ ಗಾಯದ ಗುರುತನ್ನೇ ತಪ್ಪೆಂದು ತೋರಿಸುವ ಪ್ರಾಣಿ ಇಲ್ಲ. ತಾವು ಒಂದು ಹೊಸ ಜಾತಿ. ಮೊಹರಿನ ಜಾತಿ.

ಮರುದಿನ ನಾನೂ ಆಕಿಫನೂ ತಮ್ಮಲ್ಲಿಗೆ ಬಂದೆವಲ್ಲ, ನೆನಪಿದೆಯೇ? ಮರೆತಿದ್ದರೆ ನೆನಪಿಸುತ್ತೇನೆ. ಚಿಕ್ಕಮ್ಮನ ಬೇಲಿಯಿಂದ ಆ ನೈಟಿಯನ್ನು ಎರಡನೇ ಸಲ ಎತ್ತಿಕೊಂಡು ಬಂದಿದ್ದೆ. ಮೊಬೈಲಿನಲ್ಲಿ ಮೊದಲ ಮೂರು ಸಲದ ಕೆಟ್ಟುಹೋದ ವೀಡಿಯೋಗಳೂ ಇದ್ದವು, ನಾನು ಎಡವಿ ಬೀಳುವುದು, ನನ್ನ ಮೀಸೆ, ಆಕಿಫನ ನಗು, ಎಲ್ಲ ಸ್ಪಷ್ಟ. ತಾವು ಮೂರನ್ನೂ ನೋಡಿದಿರಿ. ಮೊದಲನೆಯದಕ್ಕೆ ನಕ್ಕಿರಿ ಕೂಡ. ನಂತರ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, “ಏನಪ್ಪಾ, ಇದನ್ನೆಲ್ಲ ನೋಡಿದೆ ಅಂತ ನಾನೀಗ ಬರೀಬೇಕಾ?” ಎಂದಿರಿ.

“ಹೌದು ಸಾರ್. ದೆವ್ವ ನಾನೇ. ಬೇಕಾದ್ರೆ ಇಲ್ಲೇ ಹಾಕ್ಕಂಡು ನಡೆದು ತೋರಿಸ್ತೀನಿ.”

“ನಾನೇನು ದೆವ್ವ ನಂಬ್ತೀನಿ ಅಂದ್ಕೊಂಡ್ಯಾ? ನಾನು ಎಂ.ಎಸ್ಸಿ. ಓದಿರೋನು. ಆದ್ರೆ ಪೋಷಕರು ನಂಬ್ತಾರೆ. ನಂಬಿಕೆಗೆ ಬೆಲೆ ಕೊಡಬೇಕು. ಫೈಲ್ ಮೇಲಕ್ಕೆ ಹೋಗ್ಬಿಟ್ಟಿದೆ. ನೀನು ಈಗ ಬಂದು ದೆವ್ವ ನಾನು ಅಂದ್ರೆ, ನಿನಗೇ ಹಿಡಿದಿದೆ ಅಂತ ಇನ್ನೊಂದು ಫೈಲ್ ಆಗುತ್ತೆ. ಬೇಕಾ?”

ಆಕಿಫ ನನ್ನ ತೋಳು ಎಳೆದ. ನಾವು ಹೊರಗೆ ಬಂದೆವು. ಊರಲ್ಲಿ ಹೇಳಿದೆ, ವೀಡಿಯೋಗಳನ್ನೂ ತೋರಿಸಿದೆ, ಆಮೇಲೆ ಮಾಡಿಕೊಂಡದ್ದೆಂದರು, ಯಾರೂ ಒಪ್ಪಲಿಲ್ಲ. “ಗಂಗಾಮಣಿ ಕಂಡ್ರೆ ಇವ್ನಿಗೆ ಅಯ್ಯೋ ಅಂತೈತೆ, ಅದ್ಕೆ ಮೈಮ್ಯಾಲೆ ಎಳ್ಕಂತಾವ್ನೆ,” ಎಂದು ದೇವೀರಪ್ಪನವರು ಬೆನ್ನು ತಟ್ಟಿದರು. ಬದುಕಿನಲ್ಲಿ ಮೊದಲ ಸಲ ನಿಜ ಹೇಳಿದೆ, ಮೊದಲ ಸಲ ಒಳ್ಳೆಯವನೆನಿಸಿಕೊಂಡೆ. ಎರಡೂ ಒಟ್ಟಿಗೆ ಆದದ್ದು ನನ್ನ ದುರದೃಷ್ಟ.

ಹಾಗಾದರೆ ತಾವು ದೆವ್ವವನ್ನು ನಂಬುವುದಿಲ್ಲ. ಒಳ್ಳೆಯದು. ನಂಬಿ ಹೊರಹಾಕಿದ್ದರೆ ತಮ್ಮನ್ನು ಹೆದರುಪುಕ್ಕಲರು ಎಂದು ಕ್ಷಮಿಸಬಹುದಿತ್ತು. ತಿಮ್ಮಯ್ಯಜ್ಜ ನಂಬುತ್ತಾನೆ, ನಂಬಿದರೂ ಗಂಗಾಮಣಿಯ ಮನೆಗೆ ಹೋಗಿ ಬೆನ್ನಿಗೆ ಹುಚ್ಚೆಳ್ಳೆಣ್ಣೆ ಸವರು ಎಂದು ಕೊಟ್ಟು ಬಂದ. ತಾವು ನಂಬದೆಯೇ ಹೊರಹಾಕಿದ್ದೀರಿ. ಇಲ್ಲದ ದೆವ್ವಕ್ಕೆ ಇರುವ ಹೆಂಗಸನ್ನು ಕೊಟ್ಟಿದ್ದೀರಿ. ಇದಕ್ಕೆ ಎಂ.ಎಸ್ಸಿ.ಯಲ್ಲಿ ಯಾವ ಪತ್ರಿಕೆ ಓದಬೇಕು?

ಈಗಿನ ಸ್ಥಿತಿ ಕೇಳಿ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಚಿಕ್ಕಮ್ಮ ಶಾಲೆಯ ಕಾಂಪೌಂಡಿನ ಹೊರಗೆ ಬಂದು ನಿಲ್ಲುತ್ತಾರೆ. ಏಕೆ ಎಂದರೆ ಅವರಿಗೂ ಗೊತ್ತಿಲ್ಲ, ಹದಿನೇಳು ವರ್ಷದ ಕಾಲು ಆ ಹೊತ್ತಿಗೆ ಅಲ್ಲಿಗೆ ಹೋಗುತ್ತದೆ. ಹೋದ ವಾರ ಮೂರನೇ ತರಗತಿಯ ಒಂದು ಹುಡುಗಿ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದಳು. ಹೊಸ ಅಡುಗೆಯವರು ತಡವಾಗಿ ಬಂದು, ಸಾರು ಸಾಲದೆ, ಕೊನೆಯ ಸಾಲಿನವರಿಗೆ ಬರಿ ಅನ್ನವೂ ಅರ್ಧ ತಟ್ಟೆ ಆಗಿತ್ತು. ಚಿಕ್ಕಮ್ಮ ಬಾಯಿತಪ್ಪಿ ಕೇಳಿದರು: “ಊಟ ಆಯ್ತೇನವ್ವಾ?”

ಆ ಮಗುವಿನ ಮುಖ ಬಿಳಿಚಿಕೊಂಡಿತು. “ಆಯ್ತು, ಆಯ್ತು, ಆಯ್ತು,” ಎಂದು ಅಳುತ್ತಾ ಒಳಗೆ ಓಡಿತು. ಹಸಿದಿದ್ದ ಮಗು, ಮಾನ್ಯರೇ. ಅದರ ಹಸಿವು ಮುಖ ನೋಡಿಯೇ ಗೊತ್ತಾಗುವ ಒಬ್ಬಳೇ ಒಬ್ಬಳು ಹೆಂಗಸು ಗೇಟಿನ ಹೊರಗಿದ್ದಳು. ಇವರಿಬ್ಬರ ನಡುವೆ ತಾವು ತಮ್ಮ ಆದೇಶವನ್ನು ನಿಲ್ಲಿಸಿದ್ದೀರಿ. ಅವತ್ತಿನಿಂದ ಚಿಕ್ಕಮ್ಮ ಯಾರನ್ನೂ ಏನೂ ಕೇಳುತ್ತಿಲ್ಲ. ನಾಲ್ಕು ದಿನದ ಹಿಂದೆ, “ನಂಗೇ ಒಂದೊಂದ್ಸಲ ಅನುಮಾನ ಬತ್ತದೆ ದೇವು. ಇಷ್ಟು ಜನ ಹೇಳ್ತಾರೆ ಅಂದ್ರೆ ಇದ್ರೂ ಇರಬೋದೇನೋ ಒಳಗೆ,” ಎಂದರು. ಹುಚ್ಚಾಸ್ಪತ್ರೆ ಎಂದೂ ಇರದ ಊರಿನಲ್ಲಿ ಮೊದಲ ರೋಗಿಯನ್ನು ತಯಾರು ಮಾಡುವ ಕೆಲಸ ಹೀಗೆ ತಮ್ಮ ಅಮೃತಹಸ್ತದಿಂದ ಆರಂಭವಾಗಿದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಟಪಾಲಿನಲ್ಲಿ ಕಳಿಸಬೇಡಿ, ತಾವೇ ಬನ್ನಿ. ಶಾಲೆಯ ಅಂಗಳದಲ್ಲಿ ಮಕ್ಕಳ ಎದುರಿಗೆ, ಅಧ್ಯಕ್ಷರ ಎದುರಿಗೆ ಸೌಟನ್ನು ಗಂಗಾಮಣಿಯ ಕೈಗೆ ಕೊಡಿ. ಆಮೇಲೆ ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕುಳಿತು ಅವರು ಬಡಿಸಿದ್ದನ್ನು ಎಲ್ಲರೂ ನೋಡುವ ಹಾಗೆ ಉಣ್ಣಿ. ಎರಡನೇ ಸೌಟು ಕೇಳಿ ಹಾಕಿಸಿಕೊಳ್ಳಿ. ಅಧಿಕಾರಿ ಉಂಡಿದ್ದನ್ನು ಕಂಡರೆ ಮಕ್ಕಳು ಉಣ್ಣುತ್ತಾರೆ, ಮಕ್ಕಳು ಉಂಡರೆ ಊರು ಬಾಯಿ ಮುಚ್ಚುತ್ತದೆ. ‘ಸಕ್ಷಮ ಪ್ರಾಧಿಕಾರ’ ಎಂದರೆ ಇನ್ನೇನು ಎಂದುಕೊಂಡಿದ್ದಿರಿ? ಹದಿನೈದು ದಿನದೊಳಗೆ ತಾವು ಬಾರದಿದ್ದರೆ, ಅದೇ ನೈಟಿ ತೊಟ್ಟು, ಹಾಡಹಗಲಲ್ಲಿ, ತಮ್ಮ ಕಚೇರಿಯ ಬಾಗಿಲಲ್ಲಿ ನಾನು ದಿನವೂ ಹಾಜರಿರುತ್ತೇನೆ. ಇನ್ನೊಂದು ಫೈಲ್ ಆಗಲಿ.

ಇಂತಿ,
ತಮ್ಮ ಆದೇಶದ ಎರಡನೇ ಪ್ಯಾರಾದಲ್ಲಿ ‘ಅಪರಿಚಿತ ಸ್ತ್ರೀ ಪ್ರೇತ’ ಎಂದು ಉಲ್ಲೇಖಗೊಂಡಿರುವ,
ದೇವೇಂದ್ರ
ಬಿ.ಎ. ಅಂತಿಮ ವರ್ಷ (ಎರಡು ವಿಷಯ ಬಾಕಿ)

ತಾ.ಕ.: ಅವರ ವಿಷಯದ ಪತ್ರವನ್ನು ಅವರಿಗೆ ತಿಳಿಸದೆ ಕಳಿಸಬಾರದೆಂದು ನಿನ್ನೆ ಜಗಲಿಯ ಮೇಲೆ ಕುಳಿತು ಗಂಗಾಮಣಿ ಚಿಕ್ಕಮ್ಮನಿಗೆ ಇದನ್ನು ಓದಿ ಹೇಳಿದೆ. ಜಿಗಣೆಯ ಮಾತಿಗೆ ನಕ್ಕರು. ಹುಣಸೆ ಬರಲಿನ ಹತ್ತಿರ, “ಅದು ಬ್ಯಾಡ, ಮುಂದ್ಕೆ ಹೋಗು,” ಎಂದರು. ಊರಿನವರು ಅವರೊಡನೆ ಮಾತು ಬಿಟ್ಟಿರುವುದರಿಂದ, ನೈಟಿ ತೊಟ್ಟವನು ಯಾರೆಂದು ಅವರಿಗೆ ಹೇಳಿದವರು ಯಾರೂ ಇಲ್ಲ. ನಾನು ಆ ಭಾಗಗಳನ್ನು ಬಿಟ್ಟು ಓದಿದೆ. ಮುಗಿದ ಮೇಲೆ ಅವರು ಹಾಳೆಗಳನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಅಂಚು ಎಣಿಸಿ, “ಹಾಳೆ ಜಾಸ್ತಿ ಐತಲ್ಲ ದೇವು, ನೀನು ಓದಿದ್ದು ಕಮ್ಮಿ,” ಎಂದರು. ಮಿಕ್ಕಿದ್ದೆಲ್ಲ ಇಂಗ್ಲಿಷಿನಲ್ಲಿದೆ ಚಿಕ್ಕಮ್ಮ, ಎಂದೆ.